ತರಬೇತಿ ಮುಗಿದ ಮೇಲಿನ ಎರಡು ವರ್ಷ: ಉಜಿರೆಯ ರುಡ್‌ಸೆಟ್ ನಡೆದು ಬಂದ ದಾರಿ

1982ರಲ್ಲಿ ಬೆಳ್ತಂಗಡಿ ತಾಲ್ಲೂಕಿನ ಉಜಿರೆಯಲ್ಲಿ ಒಂದು ತರಬೇತಿ ಸಂಸ್ಥೆ ಶುರುವಾಯಿತು. ರೂರಲ್ ಡೆವಲಪ್‌ಮೆಂಟ್ ಅಂಡ್ ಸೆಲ್ಫ್ ಎಂಪ್ಲಾಯ್‌ಮೆಂಟ್ ಟ್ರೈನಿಂಗ್ ಇನ್‌ಸ್ಟಿಟ್ಯೂಟ್ ಎಂಬ ಮಾರುದ್ದದ ಹೆಸರು ಬೋರ್ಡಿನಲ್ಲೇ ಉಳಿಯಿತು, ಜನರ ಬಾಯಲ್ಲಿ ಅದು ರುಡ್‌ಸೆಟ್ ಆಯಿತು. ನಲವತ್ತು ವರ್ಷ ದಾಟಿದ ಈ ಸಂಸ್ಥೆಯ ಬಗ್ಗೆ ಬರೆಯುವಾಗ ಎಷ್ಟು ಸಾವಿರ ಮಂದಿ ತರಬೇತಿ ಪಡೆದರು, ಯಾವ ಯಾವ ಗಣ್ಯರು ಬಂದು ಹೋದರು ಎಂದು ಪಟ್ಟಿ ಕೊಡುವುದು ವಾಡಿಕೆ. ಅದನ್ನು ವಾರ್ಷಿಕ ವರದಿಗಳು ಚೆನ್ನಾಗಿಯೇ ಮಾಡುತ್ತವೆ. ನನಗೆ ಕುತೂಹಲ ಇರುವುದು ಬೇರೊಂದರಲ್ಲಿ. ಒಬ್ಬ ಹಳ್ಳಿ ಹುಡುಗನಿಗೆ ಉದ್ಯಮಶೀಲತೆಯನ್ನು ಕಲಿಸಲು ಸಾಧ್ಯವೇ? ಕಲಿಸಿದ್ದು ಸಾರ್ಥಕವಾಯಿತೆಂದು ಕಂಡುಕೊಳ್ಳುವುದು ಹೇಗೆ? ಈ ಎರಡು ಪ್ರಶ್ನೆಗೆ ಉಜಿರೆ ತನ್ನದೇ ರೀತಿಯಲ್ಲಿ ಉತ್ತರ ಹುಡುಕಿತು. ವಿಶ್ವವಿದ್ಯಾಲಯಗಳ ಸಂಶೋಧನೆ ಎಷ್ಟೋ ಕಾಲದ ಮೇಲೆ ಬಂದು ತಲುಪಿದ ಕೆಲವು ಜಾಗಗಳಿಗೆ ಅದು ಮೊದಲೇ ಹೋಗಿ ನಿಂತಿತ್ತು. ಇನ್ನು ಕೆಲವು ಜಾಗಗಳಿಗೆ ಅದು ಇನ್ನೂ ಹೋಗಬೇಕಾಗಿದೆ.

ಆಗಿನ ದಕ್ಷಿಣ ಕನ್ನಡ ಜಿಲ್ಲೆಯ ಸ್ಥಿತಿಯನ್ನು ಸ್ವಲ್ಪ ನೆನಪಿಸಿಕೊಳ್ಳಬೇಕು. ದೇವರಾಜ ಅರಸರ ಕಾಲದ 1974ರ ಭೂಸುಧಾರಣಾ ತಿದ್ದುಪಡಿಯಿಂದ ಗೇಣಿದಾರರು ಭೂಮಿಯ ಒಡೆಯರಾಗಿದ್ದರು. ಭೂಮಿ ಬಂತು, ಅದರಲ್ಲಿ ಬಂಡವಾಳ ಹಾಕುವ ಶಕ್ತಿ ಎಲ್ಲರಿಗೂ ಬರಲಿಲ್ಲ. ಮನೆಯಲ್ಲಿ ಒಬ್ಬ ಮುಂಬಯಿಯ ಹೋಟೆಲಿನಲ್ಲಿ, ಇನ್ನೊಬ್ಬ ಗಲ್ಫಿನಲ್ಲಿ, ಹೆಂಗಸರು ಬೀಡಿ ಕಟ್ಟುವುದರಲ್ಲಿ. ಶಾಲೆ ಕಾಲೇಜುಗಳಿಗೆ ಕೊರತೆ ಇರಲಿಲ್ಲ, ಉಜಿರೆಯಲ್ಲೇ 1966ರಿಂದ ಎಸ್‌ಡಿಎಂ ಕಾಲೇಜು ಇತ್ತು. ಆದರೆ ಎಸ್ಸೆಸ್ಸೆಲ್ಸಿಯೋ ಪಿಯುಸಿಯೋ ಮುಗಿಸಿದವನಿಗೆ ಊರಿನಲ್ಲಿ ಮಾಡಲು ಕೆಲಸವಿಲ್ಲ. ಇನ್ನೊಂದು ಕಡೆ ಇದು ಬ್ಯಾಂಕುಗಳ ತವರು. ಮಂಗಳೂರಿನ ಅಮ್ಮೆಂಬಳ ಸುಬ್ಬರಾವ್ ಪೈ 1906ರಲ್ಲಿ ಕಟ್ಟಿದ ಕೆನರಾ ಬ್ಯಾಂಕ್, ಉಡುಪಿಯಲ್ಲಿ 1925ರಲ್ಲಿ ಹುಟ್ಟಿ ಪಿಗ್ಮಿ ಠೇವಣಿಯಿಂದ ಮನೆಮನೆಗೆ ಹೋದ ಸಿಂಡಿಕೇಟ್ ಬ್ಯಾಂಕ್, ಎರಡೂ 1969ರ ಜುಲೈ 19ರಂದು ರಾಷ್ಟ್ರೀಕರಣಗೊಂಡಿದ್ದವು. ಬಡವರಿಗೆ ಸಾಲ ಕೊಡಿ ಎಂದು ದಿಲ್ಲಿ ಹೇಳುತ್ತಿತ್ತು. ಸಾಲ ತೆಗೆದುಕೊಂಡವನು ಅದನ್ನು ದುಡಿಸಬಲ್ಲನೇ ಎಂದು ಮ್ಯಾನೇಜರು ತಲೆ ಕೆರೆದುಕೊಳ್ಳುತ್ತಿದ್ದ.

ಸರ್ಕಾರದ ಬಳಿ ಆಗ ಇದ್ದದ್ದು ಟ್ರೈಸೆಮ್. 1979ರ ಆಗಸ್ಟ್ 15ರಂದು ಆರಂಭವಾದ ಈ ಯೋಜನೆಯಲ್ಲಿ ಗ್ರಾಮೀಣ ಯುವಕರಿಗೆ ಕಸುಬಿನ ತರಬೇತಿ, ಜೊತೆಗೆ ಭತ್ಯೆ. ಸದುದ್ದೇಶದ ಯೋಜನೆಯೇ. ಆದರೆ ತರಬೇತಿ ಒಂದು ಇಲಾಖೆಯದು, ಸಾಲ ಬ್ಯಾಂಕಿನದು, ಮಾರುಕಟ್ಟೆ ಯಾರದೂ ಅಲ್ಲ. ಹೊಲಿಗೆ ಕಲಿತವಳಿಗೆ ಯಂತ್ರ ಸಿಗುವ ಹೊತ್ತಿಗೆ ಕಲಿತದ್ದು ಮರೆತುಹೋಗಿರುತ್ತಿತ್ತು. ಇಂಥ ಹೊತ್ತಿನಲ್ಲಿ ಧರ್ಮಸ್ಥಳದ ಧರ್ಮಾಧಿಕಾರಿ ಡಾ. ಡಿ. ವೀರೇಂದ್ರ ಹೆಗ್ಗಡೆಯವರ ಮುತುವರ್ಜಿಯಲ್ಲಿ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ಶಿಕ್ಷಣ ಟ್ರಸ್ಟ್, ಸಿಂಡಿಕೇಟ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕ್ ಕೈಜೋಡಿಸಿದವು. ತರಬೇತಿ ಕೊಡುವವರೂ ಸಾಲ ಕೊಡುವವರೂ ಒಂದೇ ಸೂರಿನಡಿ ಬಂದದ್ದು ಈ ಸಂಸ್ಥೆಯ ವಿಶೇಷ. ನಿರ್ದೇಶಕರ ಕುರ್ಚಿಯಲ್ಲಿ ಬ್ಯಾಂಕಿನಿಂದ ನಿಯೋಜನೆಯ ಮೇಲೆ ಬಂದ ಅಧಿಕಾರಿ. ಸಾಲದ ಅರ್ಜಿ ಎಲ್ಲಿ ಮುಗ್ಗರಿಸುತ್ತದೆ ಎಂಬುದು ಅವರಿಗೆ ಅಂಗೈ ರೇಖೆಯಷ್ಟೇ ಗೊತ್ತು.

 

ರುಡ್‌ಸೆಟ್‌ನ ತರಗತಿಯೊಳಗೆ ನಡೆಯುವುದನ್ನು ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ, ಆಂಧ್ರದ ಕಾಕಿನಾಡಕ್ಕೆ ಹೋಗಬೇಕು. ಹಾರ್ವರ್ಡಿನ ಮನಶ್ಶಾಸ್ತ್ರಜ್ಞ ಡೇವಿಡ್ ಮೆಕ್ಲೆಲೆಂಡ್ 1961ರಲ್ಲಿ ‘ದಿ ಅಚೀವಿಂಗ್ ಸೊಸೈಟಿ’ ಎಂಬ ಪುಸ್ತಕ ಬರೆದರು. ಉದ್ಯಮ ಕಟ್ಟುವವರಲ್ಲಿ ಹಣದಾಸೆಗಿಂತ ಬಲವಾದದ್ದು ಸಾಧನೆಯ ತುಡಿತ ಎಂಬುದು ಅವರ ವಾದ. ಆ ತುಡಿತ ಹುಟ್ಟಿನಿಂದ ಬರುವುದೋ, ದೊಡ್ಡವರಾದ ಮೇಲೂ ಬೆಳೆಸಬಹುದೋ? ಇದನ್ನು ಪರೀಕ್ಷಿಸಲು ಅವರು ಆರಿಸಿಕೊಂಡದ್ದು ನಮ್ಮ ದೇಶವನ್ನು. 1964ರಲ್ಲಿ ಕಾಕಿನಾಡದ ವ್ಯಾಪಾರಿಗಳನ್ನು ಹೈದರಾಬಾದಿನ ಸಣ್ಣ ಕೈಗಾರಿಕಾ ತರಬೇತಿ ಸಂಸ್ಥೆ ಸಿಯೆಟ್‌ಗೆ ಕರೆತಂದು ಹತ್ತು ದಿನದ ತರಬೇತಿ ಕೊಡಲಾಯಿತು. ಕಥೆ ಬರೆಸಿದರು, ಆಟ ಆಡಿಸಿದರು, ಮುಂದಿನ ಎರಡು ವರ್ಷಕ್ಕೆ ನಿಮ್ಮ ಗುರಿ ಏನು ಎಂದು ಲಿಖಿತವಾಗಿ ಕೊಡಿಸಿದರು. ಹೋಲಿಕೆಗೆಂದು ತರಬೇತಿ ಕೊಡದೆ ಇಟ್ಟುಕೊಂಡ ಊರು ರಾಜಮಂಡ್ರಿ.

ಫಲಿತಾಂಶವನ್ನು ಮೆಕ್ಲೆಲೆಂಡ್ ಮತ್ತು ಡೇವಿಡ್ ವಿಂಟರ್ 1969ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ತರಬೇತಿ ಪಡೆದವರು ಉಳಿದವರಿಗಿಂತ ಹೆಚ್ಚು ಹೊಸ ಹೂಡಿಕೆ ಮಾಡಿದ್ದರು, ಹೆಚ್ಚು ಜನರಿಗೆ ಕೆಲಸ ಕೊಟ್ಟಿದ್ದರು. ಜಾತಿ, ಸಂಪ್ರದಾಯ, ದೈವಭಕ್ತಿ ಇವೆಲ್ಲ ಭಾರತೀಯರನ್ನು ಉದ್ಯಮದಿಂದ ಹಿಂದೆಳೆಯುತ್ತವೆ ಎಂಬ ಆಗಿನ ಜನಪ್ರಿಯ ವಾದಕ್ಕೆ ಅಲ್ಲಿ ಪುರಾವೆ ಸಿಗಲಿಲ್ಲ. ತೀರ್ಮಾನ ತೆಗೆದುಕೊಳ್ಳುವ ಅಧಿಕಾರ ಸ್ವಂತ ಕೈಯಲ್ಲಿದ್ದವರಿಗೆ ಮಾತ್ರ ತರಬೇತಿ ಚೆನ್ನಾಗಿ ಹತ್ತಿತ್ತು ಎಂಬುದನ್ನೂ ಅವರು ಗಮನಿಸಿದರು. ಮಾವನ ಅಂಗಡಿಯಲ್ಲಿ ಗಲ್ಲಾ ಮುಟ್ಟಲು ಬಿಡದ ಅಳಿಯನಿಗೆ ಎಷ್ಟು ಪ್ರೇರಣೆ ತುಂಬಿ ಏನು ಬಂತು!

ಆ ಪ್ರಯೋಗದ ಹುರುಪಿನಲ್ಲೇ 1970ರ ಸುಮಾರಿಗೆ ಗುಜರಾತಿನ ಕೈಗಾರಿಕಾ ನಿಗಮಗಳು ಮೂರು ತಿಂಗಳ ಉದ್ಯಮಶೀಲತಾ ತರಬೇತಿಗಳನ್ನು ಆರಂಭಿಸಿದವು. ಅದರ ಹಿಂದಿದ್ದ ವಿ. ಜಿ. ಪಟೇಲರ ನೇತೃತ್ವದಲ್ಲಿ 1983ರಲ್ಲಿ ಅಹಮದಾಬಾದಿನ ಉದ್ಯಮಶೀಲತಾ ಅಭಿವೃದ್ಧಿ ಸಂಸ್ಥೆ ಇಡಿಐ ತಲೆ ಎತ್ತಿತು. ಉಜಿರೆಯದು ಅದಕ್ಕಿಂತ ಒಂದು ವರ್ಷ ಹಿರಿಯ ಸಂಸ್ಥೆ. ಗುಜರಾತಿನ ಗಮನ ಸಣ್ಣ ಕಾರ್ಖಾನೆ ಹಾಕುವವರ ಕಡೆ ಇದ್ದರೆ ಉಜಿರೆಯದು ಎರಡು ದನ, ಒಂದು ಹೊಲಿಗೆ ಯಂತ್ರ, ಒಂದು ಪಂಪ್‌ಸೆಟ್ ರಿಪೇರಿ ಅಂಗಡಿಯ ಕಡೆ.

ಕಾಕಿನಾಡದ ವ್ಯಾಪಾರಿಗಳು ಆಡಿದ ಬಗೆಯ ಆಟಗಳನ್ನೇ ಉಜಿರೆಯ ಇಂದಿನ ಶಿಬಿರಾರ್ಥಿಗಳೂ ಆಡುತ್ತಾರೆ. ರಿಂಗ್ ಎಸೆಯುವ ಆಟದಲ್ಲಿ ಗೂಟದಿಂದ ಎಷ್ಟು ದೂರ ನಿಲ್ಲಬೇಕೆಂದು ನೀವೇ ನಿರ್ಧರಿಸಬೇಕು. ಹತ್ತಿರ ನಿಂತರೆ ಅಂಕ ಕಡಿಮೆ, ದೂರ ನಿಂತರೆ ಜಾಸ್ತಿ. ಗೂಟದ ಪಕ್ಕದಲ್ಲೇ ನಿಂತು ಹಾಕುವವರಿದ್ದಾರೆ, ಗೋಡೆಗೆ ಬೆನ್ನು ತಾಗುವಷ್ಟು ದೂರ ಹೋಗಿ ಅದೃಷ್ಟಕ್ಕೆ ಬಿಡುವವರಿದ್ದಾರೆ. ಸಾಧನೆಯ ತುಡಿತ ಇರುವವರು ಮಧ್ಯಮ ದೂರವನ್ನು ಆರಿಸಿಕೊಳ್ಳುತ್ತಾರೆ ಎಂಬುದು ಮೆಕ್ಲೆಲೆಂಡ್ ಕಂಡುಕೊಂಡದ್ದು.

ನನಗೆ ಅದಕ್ಕಿಂತ ಇಷ್ಟವಾದದ್ದು ದೋಣಿಯ ಆಟ. ತರಬೇತುದಾರರು ಕಾಗದದ ದೋಣಿಯೊಂದನ್ನು ಮಡಿಚಿ ತೋರಿಸುತ್ತಾರೆ. ಇಂಥ ದೋಣಿಯನ್ನು ನಾನು ಇಷ್ಟು ಬೆಲೆಗೆ ಕೊಳ್ಳುತ್ತೇನೆ, ಕಾಗದಕ್ಕೆ ಇಷ್ಟು ಕೊಡಬೇಕು, ಸಮಯ ಇಷ್ಟೇ ನಿಮಿಷ ಎನ್ನುತ್ತಾರೆ. ಎಷ್ಟು ದೋಣಿ ಮಾಡುತ್ತೀರೆಂದು ಮೊದಲೇ ಬರೆದುಕೊಟ್ಟು, ಅಷ್ಟೇ ಕಾಗದ ಕೊಂಡುಕೊಳ್ಳಬೇಕು. ಬಾಲ್ಯದಲ್ಲಿ ಮಳೆನೀರಿನಲ್ಲಿ ನೂರಾರು ದೋಣಿ ಬಿಟ್ಟ ಕೈಗಳಲ್ಲವೇ, ಹಿಂದೆಮುಂದೆ ನೋಡದೆ ದೊಡ್ಡ ಸಂಖ್ಯೆ ಬರೆಯುತ್ತಾರೆ. ಗಡಿಯಾರ ಓಡಲು ಶುರುವಾದ ಮೇಲೆ ಬೆರಳು ತಡವರಿಸುತ್ತದೆ. ಪಕ್ಕದವನ ರಾಶಿ ಬೆಳೆಯುತ್ತಿರುವುದು ಕಣ್ಣಿಗೆ ಬೀಳುತ್ತದೆ, ಮಡಿಕೆ ಸೊಟ್ಟಗಾಗುತ್ತದೆ. ಸಮಯ ಮುಗಿದ ಮೇಲೆ ಬರುವವರು ಗುಣಮಟ್ಟ ಪರೀಕ್ಷಕರು. ತುದಿ ಮೊಂಡಾದದ್ದು, ಅಂಚು ಕೂಡದ್ದು, ಕೈಬೆವರಿಗೆ ಮಾಸಿದ್ದು ಎಲ್ಲ ಪಕ್ಕಕ್ಕೆ. ಲೆಕ್ಕ ಹಾಕಿದರೆ ಹೆಚ್ಚು ದೋಣಿ ಮಾಡಿದವನಿಗೇ ನಷ್ಟ ಬಂದಿರುವುದುಂಟು. ತಿರಸ್ಕೃತವಾದ ಮಾಲಿನ ಕಾಗದಕ್ಕೂ ದುಡ್ಡು ತೆತ್ತಾಗಿದೆಯಲ್ಲ! ಎರಡನೇ ಸುತ್ತಿನಲ್ಲಿ ಬರೆಯುವ ಸಂಖ್ಯೆಯೇ ಬೇರೆ.

ಒಂದು ಗಂಟೆಯೊಳಗೆ ಗುರಿ, ಬಂಡವಾಳ, ಗುಣಮಟ್ಟ, ನಷ್ಟ, ತಿದ್ದುಪಡಿ ಎಲ್ಲ ಬಂದುಹೋಗುತ್ತವೆ. ದೊಡ್ಡ ಕಾರ್ಖಾನೆಗಳು ಇದೇ ಪಾಠವನ್ನು ಬೇರೆ ದಾರಿಯಲ್ಲಿ ಕಲಿತವು. ಅಮೆರಿಕದ ಬೆಲ್ ಕಂಪೆನಿಯ ವಾಲ್ಟರ್ ಶೆವಾರ್ಟ್ 1924ರಲ್ಲಿ ಗುಣಮಟ್ಟದ ನಿಯಂತ್ರಣ ನಕ್ಷೆಯನ್ನು ರೂಪಿಸಿದರು, ಅವರ ದಾರಿ ಹಿಡಿದ ಡೆಮಿಂಗ್ 1950ರಲ್ಲಿ ಜಪಾನಿನ ಎಂಜಿನಿಯರುಗಳಿಗೆ ಪಾಠ ಹೇಳಿದರು. ಯೋಜಿಸು, ಮಾಡು, ಪರಿಶೀಲಿಸು, ತಿದ್ದು ಎಂದು ಕಾರ್ಖಾನೆಗಳ ಗೋಡೆಗಳಲ್ಲಿ ಕಾಣುವ ಚಕ್ರ ಬೆಳೆದು ಬಂದದ್ದು ಆ ಪರಂಪರೆಯಿಂದ. ಸಂಖ್ಯಾಶಾಸ್ತ್ರಜ್ಞ ಮಹಾಲನೋಬಿಸರ ಕರೆಯ ಮೇರೆಗೆ ಶೆವಾರ್ಟ್ 1947-48ರಲ್ಲಿ ನಮ್ಮ ದೇಶಕ್ಕೂ ಬಂದಿದ್ದರು. ಆದರೆ ಗುಣಮಟ್ಟದ ಶಾಸ್ತ್ರ ನಮ್ಮಲ್ಲಿ ಬಹುಕಾಲ ದೊಡ್ಡ ಗಿರಣಿ, ಕಾರ್ಖಾನೆಗಳ ಸೊತ್ತಾಗಿಯೇ ಉಳಿಯಿತು. ದೋಣಿ ಆಟ ಆಡುವ ಹುಡುಗನಿಗೆ ಈ ಯಾವ ಹೆಸರೂ ಬೇಕಿಲ್ಲ. ತಾನು ಮಾಡಿದ ಮಾಲನ್ನು ಇನ್ನೊಬ್ಬರು ಎತ್ತಿ ನೋಡಿ ಬದಿಗೆ ಸರಿಸಿದರೆ ಹೇಗಿರುತ್ತದೆ ಎಂದು ಅವನಿಗೆ ಗೊತ್ತಾಗಿದೆ.

ಇಲ್ಲಿನ ಇನ್ನೊಂದು ರೂಢಿ ಮಿಲ್ಲಿ. ನಿನ್ನೆ ಕಲಿತದ್ದರಲ್ಲಿ ಮುಖ್ಯವಾದದ್ದು ಏನು ಎಂಬ ಇಂಗ್ಲಿಷ್ ಮಾತಿನ ಮೊದಲಕ್ಷರಗಳನ್ನು ಕೂಡಿಸಿ ಮಾಡಿದ ಹೆಸರು ಅದು. ಪ್ರಾರ್ಥನೆ, ಶ್ರಮದಾನ ಮುಗಿಸಿ ಬೆಳಿಗ್ಗೆ ತರಗತಿಗೆ ಬಂದ ಶಿಬಿರಾರ್ಥಿಗಳು ಒಬ್ಬೊಬ್ಬರಾಗಿ ಎದ್ದು ಹಿಂದಿನ ದಿನದ ಒಂದು ಪಾಠವನ್ನು ಹೇಳಬೇಕು. ಮೊದಲ ದಿನ ಎದ್ದು ನಿಲ್ಲಲೂ ಕಾಲು ನಡುಗುವ ಹೆಣ್ಣುಮಕ್ಕಳು ಎರಡನೇ ವಾರದಲ್ಲಿ ತರಬೇತುದಾರರನ್ನೇ ತಿದ್ದುವುದುಂಟು. ತಂಡಕ್ಕೆ ಇಪ್ಪತ್ತೈದರಿಂದ ಮೂವತ್ತೈದು ಜನ, ಊಟ ವಸತಿ ಉಚಿತ, ಎಲ್ಲರೂ ಅಲ್ಲೇ ಉಳಿಯಬೇಕು. ಹೈನುಗಾರಿಕೆಗೆ ಹತ್ತು ದಿನ, ಮೋಟಾರ್ ರಿವೈಂಡಿಂಗ್‌ಗೆ ಮೂವತ್ತು ದಿನ, ಹೀಗೆ ಕಸುಬಿಗೆ ತಕ್ಕ ಅವಧಿ. ಮಿಲ್ಲಿಯನ್ನು ನೆನಪಿಸುವ ಇನ್ನೊಂದು ಪದ್ಧತಿಯೂ ಉಂಟು. 1982ರಲ್ಲೇ ಹೈದರಾಬಾದಿನಲ್ಲಿ ಬಿಎಚ್‌ಇಎಲ್‌ನ ಎಸ್. ಆರ್. ಉಡುಪ ಅವರು ಭಾರತದ ಕ್ವಾಲಿಟಿ ಸರ್ಕಲ್ ವೇದಿಕೆಯನ್ನು ಹುಟ್ಟುಹಾಕಿದರು. ಒಂದೇ ಕೆಲಸ ಮಾಡುವ ಕಾರ್ಮಿಕರು ಆಗಾಗ ಕೂತು ತಮ್ಮ ಕೆಲಸದ ತೊಡಕನ್ನು ತಾವೇ ಬಿಡಿಸಿಕೊಳ್ಳುವ ಜಪಾನಿ ಪದ್ಧತಿ ಅದು. ಉಜಿರೆಯವರು ಅದನ್ನು ನೋಡಿ ಮಿಲ್ಲಿ ಮಾಡಿದರೆಂದು ನಾನು ಹೇಳುತ್ತಿಲ್ಲ, ಎರಡಕ್ಕೂ ಸಂಬಂಧವಿಲ್ಲ. ಕೆಲಸ ಮಾಡುವವನ ಬಾಯಿಂದಲೇ ಪಾಠ ಬರಬೇಕು ಎಂಬ ತಿಳಿವಳಿಕೆ ಮಾತ್ರ ಎರಡೂ ಕಡೆ ಒಂದೇ.

ಇಷ್ಟೆಲ್ಲ ತರಗತಿಯೊಳಗಿನ ಮಾತಾಯಿತು. ರುಡ್‌ಸೆಟ್ ನಿಜಕ್ಕೂ ಬೇರೆಯವರಿಗಿಂತ ಭಿನ್ನವಾದದ್ದು ಶಿಬಿರ ಮುಗಿದ ಮೇಲೆ. ಪ್ರಮಾಣಪತ್ರ ಕೊಟ್ಟು ಫೋಟೊ ತೆಗೆಸಿಕೊಂಡ ದಿನಕ್ಕೆ ಹೆಚ್ಚಿನ ತರಬೇತಿ ಸಂಸ್ಥೆಗಳ ಲೆಕ್ಕ ಮುಗಿಯುತ್ತದೆ. ಇಲ್ಲಿ ಆ ದಿನದಿಂದ ಎರಡು ವರ್ಷ ಶಿಬಿರಾರ್ಥಿಯ ಬೆನ್ನು ಬಿಡುವುದಿಲ್ಲ. ಪತ್ರ, ಫೋನು, ಮನೆ ಭೇಟಿ, ಹಳೆಯ ಶಿಬಿರಾರ್ಥಿಗಳ ಸಭೆ. ಸಾಲದ ಅರ್ಜಿ ಶಾಖೆಯಲ್ಲಿ ಸಿಕ್ಕಿಹಾಕಿಕೊಂಡಿದ್ದರೆ ಅಲ್ಲಿಗೊಂದು ಮಾತು. ಬಂದ ಉಪನ್ಯಾಸಕರು ಎಂಥ ತಾಲೀಮು ಕೊಟ್ಟರು ಎಂಬುದಕ್ಕೆ ಶಿಬಿರಾರ್ಥಿಗಳ ಚಪ್ಪಾಳೆ ಸಾಕ್ಷಿಯಾಗುವುದಿಲ್ಲ, ಆರು ತಿಂಗಳ ಮೇಲೆ ಅಂಗಡಿಯ ಬಾಗಿಲು ತೆರೆದಿದೆಯೇ ಎಂಬುದು ಸಾಕ್ಷಿಯಾಗುತ್ತದೆ.

ತರಬೇತಿಯ ಮೌಲ್ಯಮಾಪನದ ಬಗ್ಗೆ ಓದಿದವರಿಗೆ ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ ಹೆಸರು ಗೊತ್ತಿರುತ್ತದೆ. ಅವರು 1959ರಿಂದ ಬರೆದ ಲೇಖನಗಳಲ್ಲಿ ನಾಲ್ಕು ಮೆಟ್ಟಿಲುಗಳನ್ನು ತೋರಿಸಿದರು. ತರಬೇತಿ ಹಿಡಿಸಿತೇ, ಏನಾದರೂ ಕಲಿತರೇ, ಕಲಿತದ್ದು ನಡವಳಿಕೆಗೆ ಇಳಿಯಿತೇ, ಕೊನೆಗೆ ಅದರಿಂದ ಫಲ ಬಂತೇ. ಸಂಸ್ಥೆಗಳು ಸಾಮಾನ್ಯವಾಗಿ ಮೊದಲನೇ ಮೆಟ್ಟಿಲಲ್ಲೇ ಕೂತು ಸುಧಾರಿಸಿಕೊಳ್ಳುತ್ತವೆ. ಫೀಡ್‌ಬ್ಯಾಕ್ ಫಾರ್ಮು ತುಂಬಿಸುವುದು ಸುಲಭ, ಕೊನೆಯ ದಿನದ ಪಾಯಸದ ಮೇಲೆ ಅದಂತೂ ಚೆನ್ನಾಗಿಯೇ ಬರುತ್ತದೆ. ಉಜಿರೆಯವರು ನಾಲ್ಕನೇ ಮೆಟ್ಟಿಲನ್ನೇ ಕಾಯಂ ಕೆಲಸವಾಗಿ ಮಾಡಿಕೊಂಡರು. ಇದು ಬ್ಯಾಂಕಿನವರ ಸ್ವಭಾವದಿಂದ ಬಂದದ್ದಿರಬೇಕು ಎಂಬುದು ನನ್ನ ಊಹೆ. ಸಾಲ ಕೊಟ್ಟವನಿಗೆ ಕೊಟ್ಟ ದಿನಕ್ಕಿಂತ ಕಂತು ಬರುವ ದಿನ ಮುಖ್ಯ.

ಸಂಶೋಧನೆ ಈ ನಡುವೆ ಎಲ್ಲಿಗೆ ಬಂತು? 2017ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪಶ್ಚಿಮ ಆಫ್ರಿಕದ ಟೋಗೊ ದೇಶದ ಒಂದು ಅಧ್ಯಯನ ಪ್ರಕಟವಾಯಿತು. ರಾಜಧಾನಿ ಲೊಮೆಯ 1,500 ಸಣ್ಣ ಉದ್ಯಮಗಳನ್ನು ಚೀಟಿ ಎತ್ತಿದಂತೆ ಮೂರು ಗುಂಪು ಮಾಡಿದರು. ಒಂದಕ್ಕೆ ಲೆಕ್ಕಪತ್ರ, ಮಾರುಕಟ್ಟೆಯಂಥ ಮಾಮೂಲಿ ತರಬೇತಿ. ಇನ್ನೊಂದಕ್ಕೆ ತಾನಾಗಿ ಮುನ್ನುಗ್ಗುವ, ಅಡ್ಡಿ ಬಂದರೆ ಬಿಡದೆ ಹಿಡಿಯುವ ಮನೋಭಾವದ ತರಬೇತಿ. ಮೂರನೆಯದಕ್ಕೆ ಏನೂ ಇಲ್ಲ. ಮನೋಭಾವದ ತರಬೇತಿ ಪಡೆದವರ ಲಾಭ ಶೇ. 30ರಷ್ಟು ಏರಿತ್ತು. ಮಾಮೂಲಿ ತರಬೇತಿಯವರದು ಶೇ. 11, ಅದೂ ಸಂಖ್ಯಾಶಾಸ್ತ್ರ ಖಚಿತವಾಗಿ ಒಪ್ಪುವಷ್ಟು ಗಟ್ಟಿಯಲ್ಲ. ಕಾಕಿನಾಡದ ಹತ್ತು ದಿನಗಳಿಗೆ ಐವತ್ತು ವರ್ಷದ ಮೇಲೆ ಸಿಕ್ಕ ಸಮರ್ಥನೆ ಇದು. ಅಹಮದಾಬಾದಿನ ಸೇವಾ ಬ್ಯಾಂಕಿನ ಮಹಿಳಾ ಗ್ರಾಹಕರ ನಡುವೆ ಎರಿಕಾ ಫೀಲ್ಡ್, ರೋಹಿಣಿ ಪಾಂಡೆ ಮತ್ತು ಸಂಗಡಿಗರು ನಡೆಸಿದ ಇನ್ನೊಂದು ಪ್ರಯೋಗದಲ್ಲಿ, ಗೆಳತಿಯೊಬ್ಬಳನ್ನು ಜೊತೆಗೆ ಕರೆದುಕೊಂಡು ಬಂದವರಿಗೆ ಎರಡೇ ದಿನದ ತರಬೇತಿಯ ಫಲ ಒಂಟಿಯಾಗಿ ಬಂದವರಿಗಿಂತ ಹೆಚ್ಚು ಸಿಕ್ಕಿತ್ತು. ಒಟ್ಟಿಗೆ ಉಂಡು ಮಲಗಿ ಎದ್ದು ಕಲಿಯುವ ರುಡ್‌ಸೆಟ್ ಶಿಬಿರಗಳನ್ನು ಬಲ್ಲವರಿಗೆ ಇದು ಅಚ್ಚರಿ ತರಲಿಕ್ಕಿಲ್ಲ.

ಒಳ್ಳೆಯ ಮಾದರಿಗೆ ಒದಗುವ ದೊಡ್ಡ ಪರೀಕ್ಷೆ ಅದರ ನಕಲು. ರುಡ್‌ಸೆಟ್ ತಾನೇ ಬೆಳೆದು 17 ರಾಜ್ಯಗಳಲ್ಲಿ 27 ಸಂಸ್ಥೆಗಳಾಯಿತು. ಕರ್ನಾಟಕದಲ್ಲೇ ಧಾರವಾಡ, ಮೈಸೂರು, ಚಿತ್ರದುರ್ಗ, ಬ್ರಹ್ಮಾವರ, ವಿಜಯಪುರಗಳಲ್ಲಿ ಅದರ ಬೋರ್ಡು ಕಾಣುತ್ತದೆ. 2009ರಲ್ಲಿ ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯ ಇದೇ ಮಾದರಿಯಲ್ಲಿ ಜಿಲ್ಲೆಗೊಂದು ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆ, ಅಂದರೆ ಆರ್‌ಸೆಟಿ, ಬೇಕೆಂದು ಮಾರ್ಗಸೂಚಿ ಹೊರಡಿಸಿತು. ಆಗಿನ ಲೆಕ್ಕದಲ್ಲಿ ಜಾಗ ರಾಜ್ಯ ಸರ್ಕಾರದ್ದು, ಕಟ್ಟಡಕ್ಕೆ ಒಂದು ಕೋಟಿ ರೂಪಾಯಿ ಕೇಂದ್ರದ್ದು, ನಡೆಸುವ ಹೊಣೆ ಬ್ಯಾಂಕಿನದ್ದು. ಇಂದು ದೇಶದಲ್ಲಿ 500ಕ್ಕೂ ಹೆಚ್ಚು ಆರ್‌ಸೆಟಿಗಳಿವೆ. ಉಜಿರೆಯಲ್ಲಿ ಕೆಲವರ ಶ್ರದ್ಧೆಯಿಂದ ನಡೆದದ್ದು ಐನೂರು ಕಡೆ ನಡೆಯಬೇಕೆಂದರೆ ಶ್ರದ್ಧೆಯನ್ನು ನೆಚ್ಚಿಕೊಂಡು ಕೂರಲಾಗದು, ಪದ್ಧತಿ ಬೇಕು. ಬೆಂಗಳೂರಿನ ನ್ಯಾಷನಲ್ ಅಕಾಡೆಮಿ ಆಫ್ ರುಡ್‌ಸೆಟಿ ಆ ಕೆಲಸ ಹೊತ್ತುಕೊಂಡಿತು. ಪಠ್ಯಕ್ರಮ ಏಕರೂಪವಾಯಿತು, ತರಬೇತುದಾರರಿಗೇ ತರಬೇತಿ ಶುರುವಾಯಿತು, ವರ್ಷಕ್ಕೊಮ್ಮೆ ಪ್ರತಿ ಸಂಸ್ಥೆಗೂ ಶ್ರೇಣಿ. ತರಬೇತಿ ಪಡೆದವರಲ್ಲಿ ಶೇ. 70ರಷ್ಟು ಮಂದಿ ನೆಲೆ ನಿಲ್ಲಬೇಕು ಎಂಬುದು ಗುರಿ.

ಈ ಬಗ್ಗೆ ಒಂದು ತಕರಾರು ಹೇಳಲೇಬೇಕು. ಅಂಕ ಕೊಡುವುದು ತಪ್ಪಲ್ಲ, ಅಂಕವಿಲ್ಲದೆ ದೂರದ ಜಿಲ್ಲೆಯ ಸೋಮಾರಿ ಸಂಸ್ಥೆಯನ್ನು ಎಚ್ಚರಿಸುವ ದಾರಿಯೂ ಇಲ್ಲ. ಆದರೆ ಅಂಕ ಬಂದ ಕಡೆ ಅಂಕಕ್ಕಾಗಿ ಕೆಲಸ ಮಾಡುವ ಚಾಳಿಯೂ ಬರುತ್ತದೆ. ನೆಲೆ ನಿಂತವರ ಪಟ್ಟಿಯಲ್ಲಿ ಬ್ಯಾಂಕ್ ಸಾಲ ಪಡೆದು ಅಂಗಡಿ ತೆರೆದವಳೂ ಇರುತ್ತಾಳೆ, ಸ್ವಂತ ದುಡ್ಡಿನಲ್ಲಿ ಮನೆಯಲ್ಲೇ ತಿಂಗಳಿಗೆ ನಾಲ್ಕು ರವಿಕೆ ಹೊಲಿಯುವವಳೂ ಇರುತ್ತಾಳೆ, ಬೇರೆಯವರ ಗ್ಯಾರೇಜಿನಲ್ಲಿ ಸಂಬಳಕ್ಕೆ ಸೇರಿದವನೂ ಇರುತ್ತಾನೆ. ಮೂವರೂ ಮೊದಲಿಗಿಂತ ಮೇಲೇ. ಆದರೂ ಅವರನ್ನು ಒಂದೇ ಶೇಕಡಾವಾರಿನಲ್ಲಿ ಕೂಡಿಸಿಬಿಟ್ಟರೆ ಸಂಸ್ಥೆಗೆ ತಾನು ಎಲ್ಲಿ ಎಡವಿದೆ ಎಂದು ತಿಳಿಯುವುದಿಲ್ಲ. ಹೈನುಗಾರಿಕೆ ಕಲಿತವರಲ್ಲಿ ನಿಂತವರೆಷ್ಟು, ಬ್ಯೂಟಿ ಪಾರ್ಲರ್ ಕಲಿತವರಲ್ಲಿ ಎಷ್ಟು, ಬಿಟ್ಟವರು ಯಾವ ತಿಂಗಳಲ್ಲಿ ಬಿಟ್ಟರು, ಏಕೆ ಬಿಟ್ಟರು? ಶೆವಾರ್ಟರ ನಕ್ಷೆ ಕೇಳುವುದು ಇಂಥದ್ದನ್ನೇ. ಸರಾಸರಿಯಲ್ಲಿ ಮುಚ್ಚಿಹೋದ ಏರುಪೇರಿನ ಕಾರಣವನ್ನು ಅದು ಹುಡುಕುತ್ತದೆ. ಎರಡು ವರ್ಷದ ಬೆನ್ನುಹತ್ತುವಿಕೆಯಲ್ಲಿ ಕೂಡಿಬಿದ್ದ ಕಡತಗಳಲ್ಲಿ ಈ ಉತ್ತರಗಳು ಇರಲೇಬೇಕು.

ಸಿಂಡಿಕೇಟ್ ಬ್ಯಾಂಕ್ 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನೊಂದಿಗೆ ವಿಲೀನವಾಯಿತು. ರುಡ್‌ಸೆಟ್ ಕಟ್ಟಿದ ಮೂವರಲ್ಲಿ ಒಬ್ಬರ ಹೆಸರು ಬೋರ್ಡಿನಿಂದ ಇಳಿಯಿತು ಎಂದು ಕರಾವಳಿಯ ಹಳಬರಿಗೆ ಬೇಸರವಿದೆ. ಕೆಲಸವಂತೂ ನಿಲ್ಲಲಿಲ್ಲ. ಇಂದಿನ ಶಿಬಿರಾರ್ಥಿ ಬರುವಾಗಲೇ ಕೈಯಲ್ಲಿ ಮೊಬೈಲ್, ಅದರಲ್ಲಿ ಯೂಟ್ಯೂಬ್. ಕಸುಬಿನ ಅರ್ಧ ಅವನು ಅಲ್ಲೇ ನೋಡಿಕೊಂಡಿರುತ್ತಾನೆ. ಹಾಗಾಗಿ ಕಲಿಸುವುದಕ್ಕಿಂತ ಜೊತೆಗೆ ನಿಲ್ಲುವ ಭಾಗದ ತೂಕ ಇನ್ನು ಹೆಚ್ಚಬಹುದು.

ಕಾಕಿನಾಡದ ಪ್ರಯೋಗ ಕೇಳಿದ ಒಂದು ಪ್ರಶ್ನೆಗೆ ಮಾತ್ರ ನಮ್ಮ ಶೇಕಡಾವಾರುಗಳು ಉತ್ತರಿಸುವುದಿಲ್ಲ. ತರಬೇತಿ ಸಿಗದಿದ್ದರೆ ಇದೇ ಹುಡುಗ ಏನಾಗುತ್ತಿದ್ದ? ಹುರುಪಿರುವವನೇ ಅರ್ಜಿ ಹಾಕುತ್ತಾನೆ, ಸಂದರ್ಶನದಲ್ಲಿ ಅವನನ್ನೇ ಆರಿಸುತ್ತಾರೆ, ಎರಡು ವರ್ಷದ ಮೇಲೆ ಅವನೇ ಗೆದ್ದಿರುತ್ತಾನೆ; ಗೆಲುವಿನಲ್ಲಿ ಸಂಸ್ಥೆಯ ಪಾಲೆಷ್ಟು, ಅವನದೆಷ್ಟು? ಮೆಕ್ಲೆಲೆಂಡ್ ಇದಕ್ಕಾಗಿ ರಾಜಮಂಡ್ರಿಯನ್ನು ಇಟ್ಟುಕೊಂಡಿದ್ದರು. ರುಡ್‌ಸೆಟ್‌ಗೆ ಇನ್ನೊಂದು ಊರನ್ನು ಹುಡುಕಿಕೊಂಡು ಹೋಗುವ ಕಷ್ಟವೂ ಬೇಡ. ಬೇಡಿಕೆ ಹೆಚ್ಚಿರುವ ತರಬೇತಿಗಳಲ್ಲಿ ಅರ್ಹರಾಗಿದ್ದೂ ಸೀಟು ಸಿಗದವರ ಅರ್ಜಿಗಳನ್ನು ಎಸೆಯದೆ ಇಟ್ಟುಕೊಂಡು, ಸೀಟು ಸಿಕ್ಕವರ ಮನೆಗೆ ಹೋದಾಗಲೇ ಇವರನ್ನೂ ಒಮ್ಮೆ ಮಾತಾಡಿಸಿಕೊಂಡು ಬಂದರೆ ಸಾಕು. ಮನೆ ಭೇಟಿಯ ಕಲೆ ಅವರಿಗೆ ಹೊಸದಲ್ಲ, ಬೇಕಾದದ್ದು ಭೇಟಿ ಪುಸ್ತಕದಲ್ಲಿ ಇನ್ನೊಂದು ಕಾಲಂ.